ಅವನದೇ ಅವಸರ

ಮಾರ್ಚ್ ೧೨, ಗುರುವಾರ

ರೀ,

ಹೇಗಿದ್ದೀರಿ? ಬಿ.ಪಿ. ಮಾತ್ರೆ ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ. ಇಡೀ ಸೈನ್ಯಕ್ಕೆ ಆಜ್ಞೆ ಕೊಡುವ ಜನರಲ್ ಸಾಹೇಬರಿಗೆ ಅದೊಂದು ಕಣ್ಣಿಗೆ ಬೀಳುವುದಿಲ್ಲ ಎಂದು ಗೊತ್ತು. ನಿಮ್ಮ ಕಾರನ್ನು ಖಾಲಿ ವಾಪಸು ಕಳಿಸಿ, ನಿಮ್ಮ ಫೋನೂ ಎತ್ತದೆ ಈಗ ಬರೆಯುತ್ತಿದ್ದೇನೆ. ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲಾದರೆ ನೀವು ನನ್ನ ಮಾತು ಮುಗಿಸಲು ಬಿಡುವುದಿಲ್ಲ.

ನೀವು ಹೇಳಿದಂತೆ, ಸೇತುವೆ ಕುಸಿದು ಸತ್ತ ಆ ಲಾರಿ ಡ್ರೈವರ್‌ನ ಮನೆಗೆ ಹೋದೆ. ಸತ್ತವರ ಮನೆಗೆ ದೊಡ್ಡ ಅಧಿಕಾರಿಯ ಹೆಂಡತಿ ಹೋಗಿ ಸಮಾಧಾನ ಹೇಳುವುದು ನಮ್ಮ ಸೈನ್ಯದಲ್ಲಿ ನಡೆದುಬಂದದ್ದೇ ತಾನೆ? ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವನ ತಾಯಿ ಬಟ್ಟೆ ಅಂಗಡಿಗೆ ಹೊಲಿದುಕೊಡುವಾಕೆ. ಹೊಲಿಗೆ ಯಂತ್ರದ ಮೇಲಿದ್ದ ಬಟ್ಟೆ ಸರಿಸಿ ನನಗೆ ಟೀ ಇಟ್ಟರು. ಅದೇ ಲಾರಿಯಲ್ಲಿ ಸತ್ತ ಸಿಪಾಯಿಯೊಬ್ಬನ ತಾಯಿ ಫೋನ್ ಮಾಡಿ, “ನಿಮ್ ಮಗ ನನ್ ಮಗನ್ನ ನದಿಗೆ ಹಾಕ್ದ” ಎಂದು ಅತ್ತರಂತೆ.

ನೀವು ಕಲಿಸಿ ಕಳಿಸಿದ್ದ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು: ಯಾರದೂ ತಪ್ಪಿಲ್ಲ, ಅವನದೇ ಅವಸರ. ಅಷ್ಟರಲ್ಲಿ ಆಕೆಯೇ ಕೇಳಿದರು. “ಅಮ್ಮಾ, ಅವಸರದಲ್ಲಿ ಜೋರಾಗಿ ಓಡಿಸ್ದ ಅಂತಾರೆ ಎಲ್ರೂ. ನನ್ ಮಗ ಶುದ್ಧ ಪುಕ್ಕಲ. ಸ್ಕೂಟರ್ ಕೂಡ ಜೋರಾಗಿ ಓಡಿಸ್ತಿರ್ಲಿಲ್ಲ. ‘ನಡ್ಕೊಂಡ್ ಹೋಗೋರೇ ನಿನ್ನ ದಾಟ್ಕೊಂಡ್ ಹೋಗ್ತಾರಲ್ಲೋ’ ಅಂತ ರೇಗಿಸ್ತಿದ್ದೆ. ಅವನಿಗೇನಮ್ಮಾ ಅವಸರ?”

ಅವಸರ ಯಾರಿಗಿತ್ತು ಎಂದು ನನಗೆ ಗೊತ್ತಿತ್ತಲ್ಲ! ಸೇತುವೆ ಕುಸಿದ ದಿನ ತಿಂಡಿಯ ಮೇಜಿನ ಹತ್ತಿರ ನಾನು ನಿಮಗೆ ಟೀ ಬಗ್ಗಿಸುತ್ತಿದ್ದೆ. ಹಳೇ ಸೇತುವೆ ಭಾರ ತಾಳುವುದಿಲ್ಲ ಎಂದು ನಿಮ್ಮ ಎಂಜಿನಿಯರ್ ಫೋನಿನಲ್ಲಿ ಗೋಗರೆದದ್ದು ನನಗೂ ಕೇಳಿಸಿತು. “ಸೇತುವೆ ಗೀತುವೆ ಅಂತ ಕತೆ ಹೇಳ್ಬೇಡ. ಮಂತ್ರಿಗಳು ಬರೋ ಹೊತ್ತಿಗೆ ಲಾರಿಗಳು ಆಚೆ ದಡದಲ್ಲಿರ್ಬೇಕು,” ಎಂದಿರಿ. ಫೋನಿಟ್ಟು, ಟೀಗೆ ಸಕ್ಕರೆ ಸಾಲದು ಎಂದಿರಿ. ಈಗ ವಿಚಾರಣೆಯಲ್ಲಿ ಅಂಥ ಆಜ್ಞೆಯನ್ನೇ ಕೊಟ್ಟಿಲ್ಲ ಎಂದಿದ್ದೀರಿ. ಎಂಜಿನಿಯರ್ ಹೆದರಿ ಬಾಯಿ ಬಿಡುತ್ತಿಲ್ಲ. ಟೀ ಬಗ್ಗಿಸುವವಳಿಗೂ ಕಿವಿ ಇದೆ ಎಂಬುದು ನಿಮಗೆ ಮರೆತೇಹೋಯಿತೇನೋ.

ಆಕೆಗೆ ಎಲ್ಲ ಹೇಳಿಬಿಟ್ಟೆ. ಆಕೆ ಬೈಯಲಿಲ್ಲ. “ಇದನ್ನ ಅಲ್ಲೂ ಹೇಳ್ತೀರಾ?” ಎಂದರು, ಅಷ್ಟೆ. ಹೂಂ ಎಂದಿದ್ದೇನೆ. ಸೋಮವಾರ ವಿಚಾರಣೆಯ ಕೊಠಡಿಗೆ ಬರುತ್ತೇನೆ. ನೀವೇ ಮೊದಲು ಎದ್ದು ನಿಜ ಹೇಳಿದರೆ ನಾನು ಬಾಯಿ ಮುಚ್ಚಿಕೊಂಡು ನಿಮ್ಮ ಹಿಂದೆ ಕೂರುತ್ತೇನೆ. ಆಮೇಲೆ ಏನು ಬಂದರೂ ಜೊತೆಗಿರುತ್ತೇನೆ.

ತಂಗಿಯ ಮನೆಯಲ್ಲಿದ್ದೇನೆ, ಹುಡುಕಿಸಬೇಡಿ. ಆರೋಗ್ಯ ನೋಡಿಕೊಳ್ಳಿ. ದೇವರು ನಿಮಗೆ ಧೈರ್ಯ ಕೊಡಲಿ.

ಇನ್ನೂ ನಿಮ್ಮವಳೇ ಆದ,
ಬಾಯಿಬಡುಕಿ

ತಾ.ಕ.: ಹೊರಡುವಾಗ ಆಕೆ, “ನಿಮಗೆ ಮಕ್ಕಳೆಷ್ಟು?” ಎಂದರು. ಒಬ್ಬನಿದ್ದ ಎಂದೆ. ನಮ್ಮ ಮಗ ಗಡಿಯಲ್ಲಿ ಸತ್ತಾಗ ನಿಮ್ಮ ಆಗಿನ ಮೇಲಧಿಕಾರಿಯ ಹೆಂಡತಿ ಬಂದು, ನನ್ನ ಕೈ ಹಿಡಿದುಕೊಂಡು ಇದೇ ಮಾತು ಹೇಳಿದ್ದರು: ಯಾರದೂ ತಪ್ಪಿಲ್ಲ, ಅವನದೇ ಅವಸರ. ನೀವು ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಿರಿ. ಅಂದಿನಿಂದ ನಾನು ಅವನ ಫೋಟೋ ಒರೆಸುವಾಗೆಲ್ಲ, “ನಿನಗ್ಯಾಕಿತ್ತೋ ಅಷ್ಟು ಅವಸರ?” ಎಂದು ಬೈಯುತ್ತಲೇ ಬಂದಿದ್ದೇನೆ.

ರೀ, ಅವನಿಗೂ ಅವಸರವಿರಲಿಲ್ಲ, ಅಲ್ಲವೇ?