ಹತ್ತು ದಿನ ಒಣ ನೆಲ

ನಮ್ಮ ಮನೆ ಮುಂಗೋಣೆಯ ಹೊಲಿಗೆ ಅಂಗಡಿಯಿಂದ
ತಾರೀಕು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ನನ್ನ ಪ್ರೀತಿಯ ಮನೆಯೊಡತಿಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆ ಆಯ್ತಾ? ಬಾಣಂತಿ ಮಗಳು ಹೊಟ್ಟೆತುಂಬ ಊಟ ಮಾಡ್ತಿದ್ದಾಳಾ? ಮೊಮ್ಮಗಳ ಮೂಗು ನನ್ನ ಹಾಗೇ ಇದೆ ಅಂತ ಅಳಿಯ ಹೇಳಿದ. ಪಾಪ, ಬೆಳೀತಾ ಸರಿಹೋಗುತ್ತೆ ಬಿಡು. ಫೋನಿನಲ್ಲಿ ನಾಯಿಮರಿ ಅಂದ ಕೂಡಲೇ ನೀನು ಇಟ್ಟುಬಿಡ್ತೀಯ, ಅದಕ್ಕೇ ಈ ಕಾಗದ.

ಹೊರಡುವಾಗ ಬಾಗಿಲಲ್ಲಿ ನಿಂತು ನೀನು ಹೇಳಿದ್ದು ನನಗೆ ಬಾಯಿಪಾಠ. "ಮಗಳನ್ನೂ ಮಗೂನೂ ಕರ್ಕೊಂಡು ಬರ್ತೀನಿ, ಮಗು ಈ ನೆಲದ ಮೇಲೇ ಆಡಬೇಕು. ನಾನು ಬರೋದ್ರೊಳಗೆ ಹತ್ತು ದಿನ ಒಂದೇ ಸಮ ನೆಲ ಒಣಗಿರಬೇಕು. ಇಲ್ಲಾಂದ್ರೆ ನಿಮ್ಮ ಮರಿ ಹಾಲಿನವನ ಮನೆಗೆ." ನಾನೂ ಹಠ ಹಿಡಿದೆ. ಆದರೆ ಮೊದಲ ವಾರ ಮಾಡಿದ ಪೆದ್ದು ಕೆಲಸ ದರ್ಜಿ ಬಿಟ್ಟು ಬೇರೆ ಯಾರೂ ಮಾಡಲ್ಲ. ಎಲ್ಲರೂ ಮರಿಗೆ ಹಳೇ ಪೇಪರ್ ಹಾಸ್ತಾರೆ. ನಮ್ಮಲ್ಲಿ ಇರೋದು ಚೂರುಬಟ್ಟೆ ರಾಶಿ. ಅದನ್ನೇ ಮೂಲೆಗೆ ಹಾಸಿ, ಅಲ್ಲಿ ಮಾಡಿದಾಗೆಲ್ಲ "ಭೇಷ್ ಗುಂಡಿ" ಅಂತ ಬೆನ್ನು ತಟ್ಟಿದೆ. (ಗುಂಡಿ ಅಂತ ಹೆಸರಿಟ್ಟಿದ್ದೀನಿ, ಮೂಗು ಥೇಟ್ ಕೋಟಿನ ಗುಂಡಿ.) ಎರಡೇ ದಿನಕ್ಕೆ ಕಲಿತುಬಿಡ್ತು. ಏನು? ಬಟ್ಟೆ ಅಂದ್ರೆ ಕಕ್ಕಸು ಅಂತ! ಮೇಷ್ಟ್ರ ಪ್ಯಾಂಟು ಕತ್ತರಿಸಿ ನೆಲದಲ್ಲಿ ಹರವಿದ್ದೆ. ಗುಂಡಿ ಬಂತು, ಎರಡು ಸುತ್ತು ಹಾಕ್ತು, ಸರಿಯಾಗಿ ಮಧ್ಯದಲ್ಲಿ ಕೆಲಸ ಮುಗಿಸಿ, ಬೆನ್ನು ತಟ್ಟಿಸಿಕೊಳ್ಳೋಕೆ ನನ್ನ ಹತ್ರ ಓಡಿ ಬಂತು. ಬೈಯೋದು ಯಾರನ್ನ? ತಟ್ಟಿದೆ. ಆಮೇಲೆ ಮೇಷ್ಟ್ರು ಪ್ಯಾಂಟು ಮೂಸಿ ನೋಡಿ, "ಹೊಸ ಬಟ್ಟೆಗೆ ಸೋಪಿನ ವಾಸನೆ ಯಾಕಯ್ಯಾ?" ಅಂದ್ರು. "ನಾಳೆ ಕುಗ್ಗಬಾರದಲ್ಲ ಸಾರ್, ನಾನೇ ಒಂದ್ಸಲ ಒಗೆದುಬಿಟ್ಟೆ" ಅಂದೆ.

ಅಲ್ಲಿಗೆ ಬುದ್ಧಿ ಬಂತು. ಆ ಚೂರುಬಟ್ಟೇನ ಟೇಪು ಹಿಡಿದು ದಿನಾ ಎರಡು ಅಡಿ ಹಿಂಬಾಗಿಲ ಕಡೆ ಸರಿಸಿದೆ. ಹೊಸ್ತಿಲು ದಾಟಿಸಿ ಹಿತ್ತಿಲ ಗಿಡದ ಬುಡಕ್ಕೆ ಹಾಕಿದೆ. ಆಮೇಲೆ ದಿನಾ ಕತ್ತರಿಸ್ತಾ ಬಂದೆ. ಜೇಬಿನಷ್ಟಾಯ್ತು, ಕಾಲರಿನಷ್ಟಾಯ್ತು, ಕೊನೆಗೆ ಗುಂಡಿ ಹಾಕೋ ಕಾಜಾದಷ್ಟು. ಈಗ ಬಟ್ಟೇನೇ ಇಲ್ಲ, ಗಿಡ ಒಂದೇ ಸಾಕು! ತಿಂದ ಮೇಲೆ ಹೊರಗೆ, ನಿದ್ದೆಯಿಂದ ಎದ್ದ ಮೇಲೆ ಹೊರಗೆ. ಗಿರಾಕಿ ಕಾಯಲಿ, ಮರಿ ಕಾಯಬಾರದು ಅಂತ ಮೆಷಿನ್ ನಿಲ್ಲಿಸಿ ಓಡಿದ್ದೀನಿ. ಒಂಬತ್ತು ದಿನ ನೆಲಕ್ಕೆ ಒಂದು ಹನಿ ಬಿದ್ದಿಲ್ಲ. ಇವತ್ತು ಸಂಜೆಗೆ ಹತ್ತು. ಬೇಕಾದಾಗ ತಾನೇ ಹೋಗಿ ಹಿಂಬಾಗಿಲು ಕೆರೆಯುತ್ತೆ. ಇಗೋ, ಬರೀತಿರೋ ಹಾಗೇ ಕೆರೀತಿದೆ. ಎಷ್ಟು ಜಾಣತನ ನೋಡು! ಎರಡು ಸಾಲು ಮುಗಿಸಿ ಏಳ್ತೀನಿ. ಹಾಲಿನವನಿಗೆ ಬೇರೆ ನಾಯಿ ನೋಡ್ಕೊಳ್ಳಪ್ಪಾ ಅಂತ ಬೆಳಿಗ್ಗೇನೇ ಹೇಳಿಬಿಟ್ಟೆ.

ಮಗಳಿಗೂ ಮೊಮ್ಮಗಳಿಗೂ ನನ್ನ ಆಶೀರ್ವಾದ. ಅಳಿಯನ್ನ ಕೇಳಿದೆ ಅನ್ನು. ನೀನು ಸೊಂಟ ನೋಡ್ಕೋ.

ನಿನ್ನವನೇ ಆದ
ದರ್ಜಿ

ಮಡಚೋಕೆ ಮುಂಚೆ ಇನ್ನೊಂದು ಮಾತು: ಆ ಎರಡು ಸಾಲು ಹೆಚ್ಚಾಗಿಹೋಯ್ತು. ಗುಂಡಿ ಕೆರೆದೂ ಕೆರೆದೂ ಸಾಕಾಗಿ, ಮೆಷಿನ್ ಹತ್ರ ಬಂದು ನನ್ನ ಪಾದದ ಮೇಲೇ ಮುಗಿಸ್ತು. ನೆಲಾನೂ ಒದ್ದೆ. ಸುಳ್ಳು ಬರೆಯಲ್ಲ, ಲೆಕ್ಕ ಮತ್ತೆ ಒಂದರಿಂದ. ನೀನು ಬರೋದು ಇಪ್ಪತ್ತೈದಕ್ಕೆ, ನಾಳೆಯಿಂದ ಸರಿಯಾಗಿ ಹತ್ತು ದಿನ ಇದೆ. ಮರಿ ಕಲಿತಾಗಿದೆ ಕಣೇ, ಅದನ್ನ ಕಳಿಸಬೇಡ. ಬಾಗಿಲು ಕೆರೆದಾಗ ಏಳೋದು ನಾನೇ ಕಲೀಬೇಕಾಗಿರೋದು. ಕಲಿತೇ ಕಲೀತೀನಿ.