ಅಕ್ಕ ತಂಗಿ ಹಂಚಿಕೊಂಡ ಮಾತ್ರೆ

ಲಕ್ಕೂರು
ನವೆಂಬರ್ 11, 2024

ಶ್ರೀನಿವಾಸಪುರದ ನನ್ನ ಶೋಭಾ ಚಿಕ್ಕಮ್ಮನಿಗೆ ಧನು ಮಾಡುವ ನಮಸ್ಕಾರ.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಎದುರಿಗೆ ನಿಂತು ಹೇಳಲು ನನಗೂ ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ. ಮುಂದಿನ ವಾರ, ಇಪ್ಪತ್ತನೇ ತಾರೀಕು ಬುಧವಾರ, ಅಮ್ಮನಿಗೆ ಆಪರೇಷನ್. ನೀನು ಬರಬೇಕು.

ಎರಡು ವರ್ಷದ ಹಿಂದೆ ನಿನ್ನ ಎದೆಯಲ್ಲಿ ಗಂಟು ಕಂಡಿತು. ಆಪರೇಷನ್ ಆಗಿ, ದಿನಕ್ಕೊಂದು ಮಾತ್ರೆಯಲ್ಲಿ ಚೇತರಿಸಿಕೊಂಡೆ. ಈ ವರ್ಷ ಅಮ್ಮನಿಗೂ ಎದೆಯ ಕ್ಯಾನ್ಸರ್ ಅಂದಾಗ, ಎರಡು ಸಲ ಕೀಮೋ ಮಾಡಿಸಿಕೊಂಡು ಹೆದರಿದಳು. ಒಂದು ಮಾವಿನಹಣ್ಣನ್ನೂ ಹೋಳು ಮಾಡಿಕೊಂಡು ತಿಂದು ಬೆಳೆದವರು ನೀವು. ನಿನ್ನ ಮಾತ್ರೆಯ ಹಾಳೆಯನ್ನೂ ನೀನು ಕತ್ತರಿಸಿ ಅರ್ಧ ಅವಳಿಗೆ ಕಳಿಸಿದೆ. ಅವಳು ಕೀಮೋ ಬಿಟ್ಟಳು. ಎರಡು ತಿಂಗಳಲ್ಲಿ ಗಂಟು ಬೆಳೆಯಿತು. ಆಗ ಅಪ್ಪ ಎಲ್ಲರ ಮುಂದೆ, “ಅಕ್ಕನ್ನ ಸಾಯ್ಸೋಕೆ ನೀನೊಬ್ಬಳೇ ಸಾಕು” ಅಂದುಬಿಟ್ಟರು.

ಕೀಮೋ ಮತ್ತೆ ಶುರುವಾಗಿ ಈಗ ಗಂಟು ಕುಗ್ಗಿದೆ. ಮೊನ್ನೆ ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುವ ಅನಿತ ಎಂಬ ಹುಡುಗಿ, ಆಪರೇಷನ್ನಿನಲ್ಲಿ ತೆಗೆಯುವ ಗಂಟಿನ ಚೂರು ಕೊಡುತ್ತೀರಾ ಎಂದು ಕೇಳಲು ಬಂದಿದ್ದಳು. ಅದನ್ನು ಬಿಡಿಸಿ, ಒಂದೊಂದೇ ಜೀವಕೋಶದಲ್ಲಿ ಯಾವ ಜೀನ್ ಕೆಲಸ ಮಾಡುತ್ತಿದೆ, ಯಾವುದು ಸುಮ್ಮನಿದೆ ಎಂದು ನೋಡುತ್ತಾರಂತೆ. ಕೆಲವು ಬಗೆಯ ಗಂಟು ಹಾರ್ಮೋನಿನ ಮಾತು ಕೇಳಿ ಬೆಳೆಯುತ್ತದೆ. ನಿನ್ನ ಮಾತ್ರೆ ತಡೆಯುವುದು ಅದನ್ನೇ. ಅಮ್ಮನದರಲ್ಲಿ ಆ ಮಾತು ಕೇಳಿಸಿಕೊಳ್ಳುವ ಜೀನೇ ಸುಮ್ಮನಿದೆ ಎಂದು ಮೊದಲ ಪರೀಕ್ಷೆಯಲ್ಲೇ ಬಂದಿತ್ತಂತೆ. ಮಾತ್ರೆ ಏನು ಮಾಡೀತು?

ಅಮ್ಮ ಅವಳಿಗೆ ಹೇಳಿದ್ದು ಕೇಳು: “ಒಂದೇ ಹೊಟ್ಟೇಲಿ ಹುಟ್ಟಿದ ನಾವಿಬ್ರೇ ಒಂದೇ ತರ ಇಲ್ಲ ಕಣಮ್ಮ. ನಮ್ಮ ಶೋಭಾ ಹೇಳಿದ ಮಾತು ಕೇಳ್ತಾಳೆ, ನಾನು ಕೇಳಲ್ಲ. ಗಂಟುಗಳೂ ಹಂಗೇ ಅವೆ.” ಅನಿತ ನಕ್ಕಳು. ಅಮ್ಮ ಸಹಿ ಹಾಕಿ, ಗೋಡೆ ಕಡೆ ತಿರುಗಿ ಅತ್ತಳು.

ಕೂದಲಿಲ್ಲದ ನೆತ್ತಿಗೆ ಎಣ್ಣೆ ಒತ್ತಲು ಹೋದರೆ ನನ್ನ ಕೈ ಭಾರವಂತೆ, ನಿನ್ನದೇ ಆಗಬೇಕಂತೆ. ಗೇಟು ಸದ್ದಾದರೆ ಈಗಲೂ “ಶೋಭಾನಾ ನೋಡೇ” ಅನ್ನುತ್ತಾಳೆ. ಅವಳಿಗೆ ಕೊಡಲೆಂದು ನೀನು ನಿನ್ನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿದೆಯಂತಲ್ಲ. ಇನ್ನು ತಪ್ಪಿಸಬೇಡ.

ನಿನ್ನ ದಾರಿ ನೋಡುತ್ತಾ,
ಧನಶ್ರೀ

ಮರೆತದ್ದಲ್ಲ, ಬರೆಯಲು ಹೆದರಿದ್ದು: ಅಮ್ಮ ರೇಷ್ಮೆ ಹುಳದ ಮನೆಯಲ್ಲಿ ನಿಂತು ಆ ಮಾತ್ರೆ ನುಂಗುವುದನ್ನು ನಾನು ಮೊದಲ ವಾರವೇ ನೋಡಿದ್ದೆ. ಕೀಮೋದ ವಾಂತಿ ನಿಂತಿತ್ತು, ನಗುತ್ತಿದ್ದಳು. ಸುಮ್ಮನಿದ್ದೆ. ಅಪ್ಪ ನಿನ್ನನ್ನು ಬೈಯುವಾಗಲೂ ಸುಮ್ಮನಿದ್ದೆ. ಇವತ್ತು ಅವರಿಗೆ ಎಲ್ಲ ಹೇಳಿದೆ. ಆಮೇಲೆ ಈ ಕಾಗದದ ಕವರು ಕೇಳಿದರು. ಅದರ ಮೇಲೆ ನಿನ್ನ ವಿಳಾಸ ಬರೆದವರು ಅವರೇ.