ಮೂರನೇ ಸಾಲು

ಮಾರ್ಚ್ 4, ಮಂಗಳವಾರ

ಕೆಳದವಡೆಯ ಕಟ್ಟುಹಲ್ಲಿನ ಸೆಟ್ ಇನ್ನೂ ಮುಗಿದಿಲ್ಲ. ಮುಂದಿನ ಹಲ್ಲನ್ನು ಎರಡು ಸಲ ಕಿತ್ತು ಕೂರಿಸಿದೆ. ಯಾರದೋ ಬಾಯಿ, ನನಗೆ ತಲೆನೋವು. ಪಾಲಿಶ್ ಮೇಜಿಗೆ ಹೊಸದಾಗಿ ಬಂದ ಅಕ್ಕನಿಗೆ ಲ್ಯಾಬ್‌ನವರೆಲ್ಲ ಸೇರಿ ಹೆಸರಿಟ್ಟಾಯಿತು—ಬಾನುಲಿ. ಬಾಯಿ ಸುಮ್ಮನಿದ್ದರೆ ಫೋನ್ ಹಾಡುತ್ತದೆ, ಫೋನ್ ಸುಮ್ಮನಿದ್ದರೆ ಬಾಯಿ.

ಮಧ್ಯಾಹ್ನ ಆ ಹಾಡು ಬಂತು. ಅವನ ಹಾಡು, ನನ್ನ ಗಂಡನದು. ಅವನು ತೀರಿಕೊಂಡ ಮೇಲೆ ಕಿವಿಗೆ ಬಿದ್ದದ್ದು ಇದೇ ಮೊದಲು. ಮೇಣ ಕೆತ್ತುವ ಚಾಕು ಕೈಯಲ್ಲೇ ನಿಂತಿತು.

ಮೂರನೇ ಸಾಲಿನಲ್ಲಿ ರಾಗ ಮೇಲಕ್ಕೆ ಹತ್ತುತ್ತದೆ. ಅವನು ಒಂದು ದಿನವೂ ಹತ್ತಿದವನಲ್ಲ. ಶೇವ್ ಮಾಡುತ್ತಾ ಹಾಡುವವನು, ಸರಿಯಾಗಿ ಅಲ್ಲಿ ಕೆಳಗಿಳಿದು, ಎಲ್ಲೆಲ್ಲೋ ಸುತ್ತಿ, ಹೇಗೋ ನಾಲ್ಕನೇ ಸಾಲಿಗೆ ಬಂದು ಸೇರುತ್ತಿದ್ದ. ತಿದ್ದಿ ತಿದ್ದಿ ಸಾಕಾಗಿತ್ತು ನನಗೆ. “ಮೇಲೆ ಜನ ಜಾಸ್ತಿ ಕಣೇ, ನಾನು ಕೆಳಗೇ ಇರ್ತೀನಿ” ಅನ್ನುತ್ತಿದ್ದ. ಕತ್ತೆ.

ಇವತ್ತು ಸರಿಯಾದ ಹಾಡು ಕೇಳಿದರೆ ಅದೇ ತಪ್ಪು ಅನ್ನಿಸಿತು.

ಮಾರ್ಚ್ 7, ಶುಕ್ರವಾರ

ನಾನು ಕೈ ನಿಲ್ಲಿಸಿ ಕೇಳಿದ್ದನ್ನು ಬಾನುಲಿ ನೋಡಿಬಿಟ್ಟಿದ್ದಾಳೆ. ನನಗೆ ಇಷ್ಟವೆಂದು ಬೆಳಿಗ್ಗೆ ಬಂದ ಕೂಡಲೇ ಅದೇ ಹಾಡು, ಹೊರಡುವಾಗಲೂ ಅದೇ. ನಿನಗೋಸ್ಕರ ಎಂದು ಕಣ್ಣು ಬೇರೆ ಮಿಟುಕಿಸುತ್ತಾಳೆ. ಇಷ್ಟು ಪ್ರೀತಿಯಿಂದ ಹಿಂಸೆ ಕೊಟ್ಟರೆ ಬೇಡ ಅನ್ನುವುದು ಹೇಗೆ... ಹಲ್ಲು ಕಚ್ಚಿಕೊಂಡು ಕೂತೆ. ಹಲ್ಲು ಮಾಡುವ ಜಾಗದಲ್ಲಿ ಇನ್ನೇನು ತಾನೇ ಮಾಡುವುದು.

ಮಾರ್ಚ್ 9, ಭಾನುವಾರ

ಪಾತ್ರೆ ತೊಳೆಯುತ್ತಾ ಅವನ ಹಾಗೆ ಹಾಡಲು ನೋಡಿದೆ. ಮೂರನೇ ಸಾಲಿಗೆ ಬಂದು ಗಂಟಲು ಅನುಮಾನಕ್ಕೆ ಬಿತ್ತು. ಇಳಿದೆ. ಆದರೆ ಇಷ್ಟೇ ಇಳಿಯುತ್ತಿದ್ದನಾ? ಆಮೇಲೆ ಎಲ್ಲಿ ಸುತ್ತುತ್ತಿದ್ದ? ಒದ್ದೆ ಕೈಯಲ್ಲೇ ಫೋನ್ ತೆಗೆದು ಹುಡುಕಿದೆ.

ರೆಕಾರ್ಡಿಂಗ್ ಇಲ್ಲ. ಫೋನ್ ಹಿಡಿದರೆ ಸಾಕು, ಅವನ ಬಾಯಿಗೆ ಬೀಗ. ಇರುವುದೆಲ್ಲ ಫೋಟೋ.

ನಾದಿನಿಗೆ ಫೋನ್ ಮಾಡಿದೆ. ಅಣ್ಣ ಹಾಡುತ್ತಿದ್ದ ಹಾಡು ನೆನಪಿದೆಯಾ ಎಂದೆ.

“ಅಣ್ಣ ಹಾಡ್ತಿದ್ನಾ ಅತ್ತಿಗೆ? ನಮ್ಮೆದುರು ಒಂದು ದಿನಾನೂ ಹಾಡಿಲ್ಲ.”

ಹಾಗಾದರೆ ಕೇಳಿದವಳು ನಾನೊಬ್ಬಳೇ. ನಾನು ಮರೆತರೆ ಅದು ಎಲ್ಲೂ ಇರುವುದಿಲ್ಲ. ಅವನನ್ನು ಇನ್ನೊಂದು ಸಲ ಕಳೆದುಕೊಳ್ಳುವ ಶಕ್ತಿ ನನಗಿಲ್ಲ.

ಮಾರ್ಚ್ 10, ಸೋಮವಾರ

ಕಿವಿಗೆ ಹತ್ತಿ ಇಟ್ಟುಕೊಂಡು ಹೋದೆ. ಲ್ಯಾಬ್ ಯಜಮಾನರು ಕರೆದದ್ದು ಕೇಳಿಸಲಿಲ್ಲ. ಬೈಸಿಕೊಂಡೆ. ಹಾಡು ಮಾತ್ರ ಚೆನ್ನಾಗಿಯೇ ಕೇಳಿಸಿತು.

ಮಾರ್ಚ್ 17, ಸೋಮವಾರ

ಬಾನುಲಿಗೆ ಹೇಳಿಬಿಟ್ಟೆ. ಊಟದ ಹೊತ್ತಿಗೆ, ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ.

“ಅಕ್ಕ, ಆ ಹಾಡು ಹಾಕ್ಬೇಡಿ. ನಮ್ಮನೆಯವರು ಅದನ್ನ ತಪ್ಪಾಗಿ ಹಾಡ್ತಿದ್ರು. ಇದನ್ನ ಕೇಳಿ ಕೇಳಿ ನಂಗೆ ಆ ತಪ್ಪು ಮರ್ತು ಹೋಗ್ತಿದೆ.”

ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಫೋನನ್ನು ಬ್ಯಾಗಿಗೆ ತುರುಕಿದಳು. ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಇಬ್ಬರ ಡಬ್ಬಿಯೂ ಹಾಗೇ ಉಳಿಯಿತು.

ಆಮೇಲೆ ಇಡೀ ಮಧ್ಯಾಹ್ನ ಪಾಲಿಶ್ ಮೋಟಾರಿನ ಸದ್ದು ಬಿಟ್ಟರೆ ಬೇರೇನಿಲ್ಲ. ಮೋಟಾರ್ ನಿಂತಾಗ ಯಜಮಾನರು ಒಳಗಿನಿಂದ ಬಂದು ಕರೆಂಟ್ ಹೋಯಿತಾ ಎಂದು ಕೇಳಿದರು.

ಏಪ್ರಿಲ್ 2, ಬುಧವಾರ

ಇವತ್ತು ಕೆಲಸ ಕೈಗೆ ಹತ್ತಿತ್ತು. ಮೇಲ್ದವಡೆಯ ಹಲ್ಲುಗಳು ಒಂದರ ಪಕ್ಕ ಒಂದು ತಾವಾಗಿಯೇ ಬಂದು ಕೂರುತ್ತಿದ್ದವು. ನನಗೇ ಗೊತ್ತಿಲ್ಲದೆ ಆ ಹಾಡು ಗುನುಗುತ್ತಿದ್ದೆ. ಯಜಮಾನರು ಯಾವಾಗ ಹಿಂದೆ ಬಂದು ನಿಂತರೋ. ಹೊಗಳಿಕೆ ಅವರ ಬಾಯಿಂದ ಬರುವುದೇ ಅಪರೂಪ. ವಿಷಯ ಅವರಿಗೆ ಗೊತ್ತಿಲ್ಲ, ಪಾಪ.

“ಚೆನ್ನಾಗಿ ಹಾಡ್ತೀಯಲ್ಲಮ್ಮ. ಎಲ್ಲೂ ಒಂಚೂರೂ ತಪ್ಪಿಲ್ಲ.”

ಬಾನುಲಿ ಮೋಟಾರ್ ಆಫ್ ಮಾಡಿದಳು. ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದು ಚಪ್ಪಲಿ ಕೂಡ ಬಿಡದೆ ಹಾಡಿದೆ. ಮೂರನೇ ಸಾಲು ಮೇಲಕ್ಕೆ ಹೋಯಿತು. ಮತ್ತೆ ಮೊದಲಿನಿಂದ. ಮೇಲಕ್ಕೇ. ಅತ್ತುಬಿಟ್ಟೆ. ಮೂಗು ಒರೆಸಿಕೊಂಡು ಅವನು ಶೇವ್ ಮಾಡಲು ನಿಲ್ಲುತ್ತಿದ್ದ ಜಾಗದಲ್ಲಿ ಹೋಗಿ ನಿಂತೆ. ಮೊದಲ ಸಾಲು ಬಂತು. ಎರಡನೆಯದೂ ಬಂತು. ಈಗ ಇಳಿಯಬೇಕು. ಇಳಿಯೋ ಮಾರಾಯ, ದಮ್ಮಯ್ಯ ಅಂತೀನಿ, ಒಂದೇ ಒಂದು ಸಲ